ಎರಡು ಬದಿ ಖಾಲಿ, ನಡುವೆ ಇಕ್ಕಟ್ಟು: ತಿಪಟೂರಿನ ಒಂದು ವೆಬ್‌ಸೈಟಿನ ಪ್ರಕರಣ

ದೂರು ಲಿಖಿತವಾಗಿಯೇ ಬಂದಿತ್ತು, ಲೆಟರ್‌ಹೆಡ್ಡಿನಲ್ಲಿ, ಅಧ್ಯಕ್ಷರ ಸಹಿ ಮತ್ತು ಮೊಹರಿನೊಂದಿಗೆ: ‘ಹೊಸದಾಗಿ ಖರೀದಿಸಿದ ದೊಡ್ಡ ಮಾನಿಟರಿನಲ್ಲಿ ನಮ್ಮ ವೆಬ್‌ಸೈಟು ಪೂರ್ತಿ ಪರದೆಗೆ ಬರುತ್ತಿಲ್ಲ. ಎರಡೂ ಬದಿ ಖಾಲಿ ಇದೆ. ಸರಿಪಡಿಸಿಕೊಡುವುದು.’

ಪತ್ರ ಬರೆದದ್ದು ತಿಪಟೂರು ತಾಲ್ಲೂಕಿನ ತೆಂಗು ಬೆಳೆಗಾರರು ಸೇರಿ ಕಟ್ಟಿಕೊಂಡ ಉತ್ಪಾದಕರ ಕಂಪನಿಯೊಂದು. ಹೆಸರು ಇಲ್ಲಿ ಬೇಡ. ವೆಬ್‌ಸೈಟನ್ನು ಮೊದಲು ಮಾಡಿಕೊಟ್ಟವರು ಬೇರೆ. ಅವರು ‘ಎಲ್ಲ ವೆಬ್‌ಸೈಟುಗಳೂ ಹೀಗೆಯೇ ಇರುತ್ತವೆ’ ಎಂದು ಹೇಳಿ ಕೈತೊಳೆದುಕೊಂಡಿದ್ದರಿಂದ ಕಡತ ನನ್ನ ಮುಂದೆ ಬಂತು. ಅವರ ಮಾತು ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ. ಎಲ್ಲರ ಮನೆಯಲ್ಲೂ ಸೋರುತ್ತದೆ ಎಂದ ಮಾತ್ರಕ್ಕೆ ಸೂರು ಸರಿಯಾಗಿದೆ ಎಂದಾಗುವುದಿಲ್ಲ.

ಕಚೇರಿಯ ಮಾನಿಟರ್ 27 ಅಂಗುಲದ್ದು, 1920×1080 ಪಿಕ್ಸೆಲಿನದು. ಪುಟದ ಅಗಲ 1140 ಪಿಕ್ಸೆಲಿಗೆ ನಿಂತಿತ್ತು. ಉಳಿದ 780 ಪಿಕ್ಸೆಲ್ ಎರಡು ಬದಿಗೆ ಸಮನಾಗಿ ಹಂಚಿಹೋಗಿತ್ತು, ಅಂದರೆ ಎಡಕ್ಕೆ 390, ಬಲಕ್ಕೆ 390. ಅಡಿಗೋಲಿಟ್ಟು ಅಳೆದರೆ ಒಂದೊಂದು ಬದಿಯಲ್ಲಿ ಸುಮಾರು 12 ಸೆಂಟಿಮೀಟರ್ ಬರೀ ಬಿಳುಪು. ದುಡ್ಡು ಕೊಟ್ಟು ತಂದ ಪರದೆಯಲ್ಲಿ ಐದರಲ್ಲಿ ಎರಡು ಪಾಲು ಕೆಲಸಕ್ಕೆ ಬಾರದೆ ಬಿದ್ದಿದೆ ಎಂದು ಅಧ್ಯಕ್ಷರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಿರ್ದೇಶಕರೊಬ್ಬರಿಗಂತೂ ಆ ಜಾಗವನ್ನು ಜಾಹೀರಾತಿಗೆಂದು ಯಾರೋ ಗುಟ್ಟಾಗಿ ಕಾಯ್ದಿರಿಸಿದ್ದಾರೆ ಎಂಬ ಗುಮಾನಿಯಿತ್ತು. ಈ ಗುಮಾನಿಗೂ ಒಂದು ಬುಡವಿದೆ. ಸುದ್ದಿತಾಣಗಳು ವರ್ಷಗಟ್ಟಲೆ ಪಕ್ಕದ ಪಟ್ಟಿಯಲ್ಲಿ 160×600 ಅಳತೆಯ ಉದ್ದನೆಯ ಜಾಹೀರಾತುಗಳನ್ನು ನಿಲ್ಲಿಸಿಕೊಂಡು ಬಂದಿವೆ. ಈ ಪ್ರಕರಣದಲ್ಲಿ ಮಾತ್ರ ಅಂಥದ್ದೇನೂ ಇರಲಿಲ್ಲ.

1140 ಎಂಬ ಅಂಕಿ ಎಲ್ಲಿಂದ ಬಂತು?

ಈ ಅಂಕಿಯನ್ನು ಯಾರೂ ಕೂತು ಯೋಚಿಸಿ ನಿರ್ಧರಿಸಿರಲಿಲ್ಲ. ಪುಟವನ್ನು ಕಟ್ಟಿದ್ದು ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಚೌಕಟ್ಟಿನ ಮೇಲೆ. ಟ್ವಿಟರಿನ ಇಬ್ಬರು ಉದ್ಯೋಗಿಗಳು ರೂಪಿಸಿ 2011ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ಚೌಕಟ್ಟು ಇದು. ಇದರ ನಾಲ್ಕನೆಯ ಆವೃತ್ತಿಯಲ್ಲಿ ಪರದೆ 1200 ಪಿಕ್ಸೆಲ್ ದಾಟಿದ ಮೇಲೆ ಪುಟದ ಅಗಲ 1140ಕ್ಕೆ ನಿಂತುಬಿಡುತ್ತದೆ. ಪರದೆ 1366 ಇರಲಿ, 1920 ಇರಲಿ, 3440 ಇರಲಿ, ಪುಟ ಅಲ್ಲಿಂದ ಅಲುಗುವುದಿಲ್ಲ. 2021ರ ಐದನೆಯ ಆವೃತ್ತಿ 1400 ದಾಟಿದ ಪರದೆಗಳಿಗೆ 1320ರ ಇನ್ನೊಂದು ಮೆಟ್ಟಿಲು ಸೇರಿಸಿತು. ಮೂಲ ತಯಾರಕರು ಚೌಕಟ್ಟನ್ನು ತಂದು ನಿಲ್ಲಿಸಿ, ಅದರೊಳಗೆ ಏನು ಬರುತ್ತದೆ ಎಂದು ನೋಡದೆ ಹೋಗಿದ್ದರು. ನನ್ನ ಪ್ರಕಾರ ಈ ಪ್ರಕರಣದ ಮೂಲ ದೋಷ ಇದು, ಖಾಲಿ ಜಾಗವಲ್ಲ.

ಇಂಥ ಗೊತ್ತಾದ ಅಗಲದ ಅಭ್ಯಾಸ ಬೂಟ್‌ಸ್ಟ್ರ್ಯಾಪಿಗಿಂತ ಹಳೆಯದು. ಬಹುಪಾಲು ಪರದೆಗಳು 800×600 ಇದ್ದಾಗ ಪುಟಗಳನ್ನು 760 ಪಿಕ್ಸೆಲಿನ ಆಸುಪಾಸಿನಲ್ಲಿ ಮಾಡುತ್ತಿದ್ದರು. 1024×768 ಸಾಮಾನ್ಯವಾದ ಮೇಲೆ 960 ರೂಢಿಗೆ ಬಂತು. 960ನ್ನು 2, 3, 4, 5, 6, 8, 10, 12, 16 ಎಲ್ಲದರಿಂದಲೂ ಶೇಷವಿಲ್ಲದೆ ಭಾಗಿಸಬಹುದು, ಕಾಲಂ ಲೆಕ್ಕ ಹಾಕುವವರಿಗೆ ಹೇಳಿ ಮಾಡಿಸಿದ ಸಂಖ್ಯೆ. 1024ರ ಪರದೆಯಲ್ಲಿ 960ರ ಪುಟಕ್ಕೆ ಬದಿಯಲ್ಲಿ ಉಳಿಯುತ್ತಿದ್ದದ್ದು ಬೆರಳಿನಗಲದ ಅಂಚು. ಅದೇ ಪುಟವನ್ನು 1920ರ ಪರದೆಯಲ್ಲಿ ತೆರೆದರೆ ಒಂದೊಂದು ಬದಿಗೆ 480 ಪಿಕ್ಸೆಲ್ ಉಳಿಯುತ್ತದೆ. ಪುಟ ಇದ್ದಲ್ಲೇ ಇತ್ತು, ಅದರ ಸುತ್ತಲಿನ ಗಾಜು ಬೆಳೆಯಿತು.

ಗಾಜು ಅಡ್ಡಕ್ಕೇ ಬೆಳೆದದ್ದೇಕೆ? ಹೈ ಡೆಫಿನಿಷನ್ ಟಿ.ವಿ. 16:9ರ ಆಕಾರವನ್ನು ಒಪ್ಪಿಕೊಂಡಿತು. ಟಿ.ವಿ.ಗೂ ಕಂಪ್ಯೂಟರಿಗೂ ಒಂದೇ ಆಕಾರದ ಫಲಕಗಳನ್ನು ತಯಾರಿಸುವುದು ಕಾರ್ಖಾನೆಗಳಿಗೆ ಅಗ್ಗವಾಯಿತು. 2010ರ ಹೊತ್ತಿಗೆ ಅಂಗಡಿಯಲ್ಲಿ ಬೇರೆ ಆಕಾರದ ಮಾನಿಟರ್ ಸಿಗುವುದೇ ಅಪರೂಪವಾಗಿತ್ತು. ಸಿನಿಮಾ ಮತ್ತು ಕ್ರಿಕೆಟ್ ನೋಡುವವರಿಗಾಗಿ ಗೊತ್ತಾದ ಆಕಾರವನ್ನು ಓದುವವರು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಬೇಕಾಯಿತು.

ಇದೇ ಹೊತ್ತಿಗೆ ಮೊಬೈಲ್ ಬಂತು. ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ಮೈ ಬದಲಿಸಬೇಕು ಎಂಬ ವಿಚಾರವನ್ನು ವೆಬ್ ವಿನ್ಯಾಸಕ ಈತನ್ ಮಾರ್ಕಾಟ್ 2010ರ ಮೇ ತಿಂಗಳಿನಲ್ಲಿ ಬರಹವೊಂದರಲ್ಲಿ ಮುಂದಿಟ್ಟರು. ಅಂದಿನಿಂದ ವಿನ್ಯಾಸಕಾರರ ಶ್ರಮವೆಲ್ಲ ಕಿರಿದಾಗುವ ಕಡೆಗೇ ಹರಿಯಿತು. 360 ಪಿಕ್ಸೆಲಿನ ಫೋನಿನಲ್ಲಿ ಪುಟ ಹೇಗೆ ಕಾಣುತ್ತದೆ ಎಂದು ಹತ್ತು ಸಲ ನೋಡುತ್ತಾರೆ, 1920ರಲ್ಲಿ ಹೇಗೆ ಕಾಣುತ್ತದೆ ಎಂದು ಒಮ್ಮೆ ನೋಡಿದರೆ ಪುಣ್ಯ. ಅದಕ್ಕೂ ಕಾರಣವಿದೆ. ಈ ಕಂಪನಿಯ ಸದಸ್ಯರು ವೆಬ್‌ಸೈಟನ್ನು ನೋಡುವುದು ತೋಟದಲ್ಲಿ ನಿಂತು, ಫೋನಿನಲ್ಲಿ. ಆ ಎರಡು ಬದಿಯ ಬಿಳುಪು ಕಾಣುವುದು ಕಚೇರಿಯೊಳಗೆ ಕೂತವರಿಗೆ ಮಾತ್ರ.

ಮೊದಲ ಚಿಕಿತ್ಸೆ

ನಾನು ಹೋಗುವಷ್ಟರಲ್ಲಿ ನಿರ್ದೇಶಕರೊಬ್ಬರ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿ ಒಂದು ಚಿಕಿತ್ಸೆ ಮಾಡಿ ಮುಗಿಸಿದ್ದ. ಬೂಟ್‌ಸ್ಟ್ರ್ಯಾಪಿನಲ್ಲಿ ಪುಟದ ಅಗಲವನ್ನು ಹಿಡಿದಿಡುವ ‘ಕಂಟೇನರ್’ ಎಂಬ ಪದವಿದ್ದ ಕಡೆಯೆಲ್ಲ ‘ಕಂಟೇನರ್-ಫ್ಲೂಯಿಡ್’ ಎಂದು ಬದಲಿಸಿದರೆ ಪುಟ ಗೋಡೆಯಿಂದ ಗೋಡೆಗೆ ಹಬ್ಬುತ್ತದೆ. ಹಬ್ಬಿತ್ತು. ಅಧ್ಯಕ್ಷರಿಗೆ ಒಂದು ಬೆಳಿಗ್ಗೆಯ ಮಟ್ಟಿಗೆ ಸಂತೋಷವೂ ಆಗಿತ್ತು.

ಆಮೇಲೆ ಓದಲು ಕೂತರು. ಕಪ್ಪುತಲೆ ಹುಳುವಿನ ಹತೋಟಿಯ ಬಗ್ಗೆ ಒಂದು ಲೇಖನವಿತ್ತು: ಹುಳು ಗರಿಯ ಅಡಿಭಾಗದಲ್ಲಿ ಬಲೆ ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುವುದು, ಆ ಹುಳುವನ್ನೇ ತಿಂದು ಕೊಲ್ಲುವ ಪರತಂತ್ರ ಜೀವಿಗಳನ್ನು ತೋಟಕ್ಕೆ ಬಿಡುವ ಕ್ರಮ, ಹೀಗೆ. ಅದರ ಪ್ರತಿ ಸಾಲಿನಲ್ಲಿ ಈಗ ಮೂವತ್ತಕ್ಕೂ ಹೆಚ್ಚು ಪದಗಳು. ಸಾಲಿನ ಉದ್ದ ಅರ್ಧ ಮೀಟರಿಗಿಂತ ಹೆಚ್ಚು. ಅರವತ್ತು ಸೆಂಟಿಮೀಟರ್ ದೂರದಲ್ಲಿ ಕೂತವರು ಇಂಥ ಸಾಲನ್ನು ತುದಿಯಿಂದ ತುದಿಗೆ ಓದಬೇಕಾದರೆ ಕಣ್ಣು ತಿರುಗಿಸಿದರೆ ಸಾಲದು, ಕತ್ತನ್ನೂ ತಿರುಗಿಸಬೇಕು.

ಓದುವಾಗ ಕಣ್ಣು ಸಾಲಿನ ಮೇಲೆ ಸಲೀಸಾಗಿ ಜಾರುವುದಿಲ್ಲ, ಜಿಗಿಯುತ್ತದೆ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮುಂದಕ್ಕೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ನಿಚ್ಚಳವಾಗಿ ಕಾಣುವುದು ದೃಷ್ಟಿಯ ನಡುವಿನ ಎರಡು ಡಿಗ್ರಿಯಷ್ಟು ಮಾತ್ರ. ಸಾಲು ಮುಗಿದ ಮೇಲೆ ಒಂದು ದೊಡ್ಡ ಹಿಮ್ಮುಖ ಜಿಗಿತ, ಬಲತುದಿಯಿಂದ ಎಡತುದಿಗೆ, ಅದೂ ಒಂದು ಸಾಲು ಕೆಳಕ್ಕೆ. ಈ ಜಿಗಿತ ಉದ್ದವಾದಷ್ಟೂ ಗುರಿ ತಪ್ಪುವುದು ಹೆಚ್ಚು. ಓದಿದ ಸಾಲನ್ನೇ ಮತ್ತೆ ಓದುವುದು ಅಥವಾ ಒಂದು ಸಾಲನ್ನು ಹಾರಿಸಿಬಿಡುವುದು ಆಗುವುದು ಇಲ್ಲಿಯೇ. ಔಷಧದ ಪ್ರಮಾಣ ಬರೆದ ಲೇಖನದಲ್ಲಿ ಒಂದು ಸಾಲು ಹಾರಿಹೋದರೆ ಏನಾಗುತ್ತದೆ ಎಂದು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ.

ಸಾಲಿನ ಉದ್ದ ಇಂತಿಷ್ಟೇ ಇರಬೇಕು ಎಂದು ಮೇಜು ಕುಟ್ಟಿ ಹೇಳುವವರನ್ನು ನಾನು ನಂಬುವುದಿಲ್ಲ. ಬ್ರಿಟನ್ನಿನ ಮೇರಿ ಡೈಸನ್ ಮತ್ತು ಮಾರ್ಕ್ ಹೇಸಲ್‌ಗ್ರೋವ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪರದೆಯ ಮೇಲೆ 55 ಅಕ್ಷರಗಳ ಸಾಲು ಚೆನ್ನಾಗಿ ಅರ್ಥವಾಗಲು ಅನುಕೂಲವೆಂದು ಕಂಡುಬಂತು. ಅದೇ ಡೈಸನ್ ಅದಕ್ಕೆ ಮೊದಲು ನಡೆಸಿದ್ದ ಪ್ರಯೋಗದಲ್ಲಿ 100 ಅಕ್ಷರಗಳ ಉದ್ದದ ಸಾಲುಗಳನ್ನೇ ಜನ ಬೇಗ ಓದಿದ್ದರು. ಬೇಗ ಓದುವುದು, ಅರ್ಥವಾಗುವುದು, ಓದಲು ಹಿತವೆನ್ನಿಸುವುದು, ಇವು ಮೂರೂ ಒಂದೇ ಅಗಲದಲ್ಲಿ ಸಿಗಬೇಕೆಂದಿಲ್ಲ. ಎಲ್ಲರಿಗೂ ಎಟುಕುವ ವೆಬ್ ಪುಟಗಳಿಗಾಗಿ 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ 80 ಅಕ್ಷರಗಳ ಮಿತಿಯನ್ನು ಹೇಳುತ್ತದೆ, ಅದೂ ಅತ್ಯುನ್ನತ ದರ್ಜೆಯ ಪುಟಗಳಿಗೆ ಮಾತ್ರ. ಆದರೆ ಅರ್ಧ ಮೀಟರಿನ ಸಾಲನ್ನು ಯಾರೂ ಸಮರ್ಥಿಸಿಲ್ಲ.

ನಿರ್ದೇಶಕರಲ್ಲಿ ನಿವೃತ್ತ ಕನ್ನಡ ಮೇಷ್ಟರೊಬ್ಬರಿದ್ದರು. ‘ನಮ್ಮ ಹಿರಿಯರು ತಾಳೆಗರಿಯಲ್ಲಿ ಮೊಳದುದ್ದದ ಸಾಲು ಓದುತ್ತಿರಲಿಲ್ಲವೇ?’ ಎಂದು ಕೇಳಿದರು. ಇಡೀ ಚರ್ಚೆಯಲ್ಲಿ ನನಗೆ ಹಿಡಿಸಿದ ಪ್ರಶ್ನೆ ಇದೊಂದೇ. ಓದುತ್ತಿದ್ದರು, ನಿಜ. ಆದರೆ ಗರಿಯ ಎತ್ತರ ಕೆಲವೇ ಬೆರಳಿನಷ್ಟು, ಅದರ ಮೇಲೆ ಹಿಡಿಯುವುದು ಬೆರಳೆಣಿಕೆಯ ಸಾಲುಗಳು. ಐದಾರು ಸಾಲಿನಲ್ಲಿ ಮುಂದಿನದು ಯಾವುದೆಂದು ತಪ್ಪುವುದಿಲ್ಲ, ನಲವತ್ತು ಸಾಲಿನಲ್ಲಿ ತಪ್ಪುತ್ತದೆ. ಜೊತೆಗೆ ದಾರ ಪೋಣಿಸುವ ರಂಧ್ರದ ಸುತ್ತ ಲಿಪಿಕಾರರು ಜಾಗ ಬಿಡುತ್ತಿದ್ದರು. ಎಷ್ಟೋ ಕಟ್ಟುಗಳಲ್ಲಿ ಆ ಖಾಲಿ ಜಾಗ ಮೇಲಿನಿಂದ ಕೆಳಕ್ಕೆ ಹಾಯ್ದು ಉದ್ದನೆಯ ಸಾಲನ್ನು ಎರಡು ಮೂರು ಕಾಲಮ್ಮುಗಳಾಗಿ ಒಡೆದಿರುತ್ತದೆ. ಮೇಷ್ಟರು ಒಪ್ಪಿದರು, ಆದರೆ ರಂಧ್ರ ಮಾಡಿದ್ದು ದಾರಕ್ಕಾಗಿಯೇ ಹೊರತು ಓದುಗನಿಗಾಗಿ ಅಲ್ಲ ಎಂದು ಸೇರಿಸಲು ಮರೆಯಲಿಲ್ಲ.

ಕನ್ನಡಕ್ಕೆ ಇಲ್ಲಿ ತನ್ನದೇ ಆದ ಒಂದು ಕಷ್ಟವಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲಕ್ಕೆ ಏರುತ್ತದೆ. ಇಂಗ್ಲಿಷಿಗೆಂದು ಇಟ್ಟ ಒಂದೂವರೆ ಪಟ್ಟು ಸಾಲಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಕುವಷ್ಟು ಹತ್ತಿರ ಬರುತ್ತದೆ. ಸಾಲು ಉದ್ದವಾದಷ್ಟೂ ಸಾಲಂತರ ಹೆಚ್ಚಬೇಕು ಎಂಬುದು ಅಚ್ಚುಮನೆಯ ಹಳೆಯ ನಿಯಮ. ನಮ್ಮ ಲಿಪಿಗೆ ಅದು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಇನ್ನು 80 ಅಕ್ಷರ ಎಂದು ಯಂತ್ರದಿಂದ ಎಣಿಸಿದರೆ ಕನ್ನಡದಲ್ಲಿ ಲೆಕ್ಕವೇ ದಿಕ್ಕು ತಪ್ಪುತ್ತದೆ. ‘ಸ್ತ್ರೀ’ ನಮಗೆ ಒಂದಕ್ಷರ, ಕಂಪ್ಯೂಟರಿನ ಅಕ್ಷರಸಂಕೇತಗಳ ಪಟ್ಟಿಯಾದ ಯೂನಿಕೋಡಿಗೆ ಆರು ಸಂಕೇತ. ಪುಟದ ಶೈಲಿಭಾಷೆಯಲ್ಲಿ ‘ಸಿಎಚ್’ ಎಂಬ ಅಳತೆಯಿದೆ, ಅದು ಆ ಫಾಂಟಿನ ಸೊನ್ನೆಯ ಅಗಲ. ‘65 ಸಿಎಚ್’ ಎಂದು ಇಂಗ್ಲಿಷ್ ಪಾಠಗಳಿಂದ ಎತ್ತಿಕೊಂಡು ಬಂದವರು ತಮಗೆ 65 ಅಕ್ಷರ ಸಿಕ್ಕಿತೆಂದು ತಿಳಿಯುತ್ತಾರೆ, ಕನ್ನಡದಲ್ಲಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ನಾನು ಎಣಿಸುವುದು ಪದಗಳನ್ನು. ಸಾಮಾನ್ಯ ಕನ್ನಡ ಪುಸ್ತಕದ ಸಾಲಿನಲ್ಲಿ ಏಳೆಂಟು ಪದ, ಪತ್ರಿಕೆಯ ಕಾಲಮ್ಮಿನಲ್ಲಿ ಮೂರು ನಾಲ್ಕು.

ಈ ಎಣಿಕೆಯಲ್ಲಿ ಒಂದು ತಮಾಷೆ ಹೊರಬಿತ್ತು. ವಿದ್ಯಾರ್ಥಿ ಹಿಗ್ಗಿಸುವ ಮೊದಲಿನ ಪುಟದಲ್ಲಿಯೂ, ಅಂದರೆ ಖಾಲಿ ಜಾಸ್ತಿಯಾಯಿತು ಎಂದು ದೂರು ಬಂದ ಪುಟದಲ್ಲಿಯೂ, ಲೇಖನದ ಸಾಲಿಗೆ ಇಪ್ಪತ್ತರ ಆಸುಪಾಸು ಪದಗಳಿದ್ದವು. ಲೇಖನಗಳ ಮಟ್ಟಿಗೆ ಬದಿಯ ಜಾಗ ಸಾಲದಾಗಿತ್ತು.

ದೂರಿನ ಹಿಂದಿನ ದೂರು

ಅಧ್ಯಕ್ಷರು ಲೇಖನ ಓದುವವರಲ್ಲ. ಹಾಗಿದ್ದರೆ ಅವರ ಕಣ್ಣಿಗೆ ಬಿಳುಪು ಕುಕ್ಕಿದ್ದು ಎಲ್ಲಿ? ಉತ್ತರ ಸಿಕ್ಕಿದ್ದು ಗುಮಾಸ್ತೆಯ ಮೇಜಿನಲ್ಲಿ.

ಉಂಡೆ ಕೊಬ್ಬರಿ ಎಂದರೆ ಸುಲಿಯದ ಕಾಯಿಯನ್ನು ಅಟ್ಟದಲ್ಲಿ ವರ್ಷದ ಹತ್ತಿರ ಹತ್ತಿರ ಒಣಗಲು ಬಿಟ್ಟು, ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ತೆಗೆಯುವ ಸರಕು. ಅಷ್ಟು ಕಾಲ ಕಾದವನಿಗೆ ಯಾವ ದಿನ, ಯಾವ ಮಾರುಕಟ್ಟೆಗೆ ಇಳಿಸಬೇಕು ಎಂಬುದು ದೊಡ್ಡ ಪ್ರಶ್ನೆ. ತಿಪಟೂರಿನಲ್ಲಿ ಏನಾಯಿತು, ಅರಸೀಕೆರೆಯಲ್ಲಿ ಏನಾಯಿತು, ತುರುವೇಕೆರೆಯಲ್ಲಿ ಏನಾಯಿತು ಎಂದು ಸದಸ್ಯರು ಕಚೇರಿಗೆ ಫೋನ್ ಮಾಡುತ್ತಾರೆ. ಗುಮಾಸ್ತೆ ವೆಬ್‌ಸೈಟಿನ ದರಪಟ್ಟಿ ನೋಡಿ ಉತ್ತರ ಹೇಳುತ್ತಾರೆ. ಆ ಪಟ್ಟಿಗೆ ಹನ್ನೊಂದು ಕಾಲಂ: ದಿನಾಂಕ, ಮಾರುಕಟ್ಟೆ, ಕೊಬ್ಬರಿಯ ಬಗೆ, ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ (ಹೆಚ್ಚಿನ ಸರಕು ಮಾರಾಟವಾದ ದರ), ಹಿಂದಿನ ಮಾದರಿ ದರ, ವ್ಯತ್ಯಾಸ, ಬೆಂಬಲ ಬೆಲೆ, ಷರಾ. 1140ರ ಚೌಕಟ್ಟಿನಲ್ಲಿ ಅದು ಹಿಡಿಸುತ್ತಿರಲಿಲ್ಲ. ಕೆಳಗೆ ಒಂದು ಅಡ್ಡ ಸ್ಕ್ರಾಲ್ ಪಟ್ಟಿ. ಕೊನೆಯ ಕಾಲಮ್ಮುಗಳನ್ನು ನೋಡಬೇಕೆಂದರೆ ಎಳೆಯಬೇಕು, ಎಳೆದರೆ ಮಾರುಕಟ್ಟೆಯ ಹೆಸರು ಎಡಕ್ಕೆ ಮಾಯ. ಯಾವ ಸಾಲು ಯಾವ ಊರಿನದು ಎಂದು ಮರೆಯದಿರಲು ಆಕೆ ಪರದೆಗೆ ಅಡಿಗೋಲು ಹಿಡಿದು ಓದುತ್ತಿದ್ದರು. ಅತ್ತ 390 ಪಿಕ್ಸೆಲ್, ಇತ್ತ 390 ಪಿಕ್ಸೆಲ್ ಖಾಲಿ ಬಿದ್ದಿರುವಾಗ!

ಅಧ್ಯಕ್ಷರು ದಿನವೂ ನೋಡುತ್ತಿದ್ದದ್ದು ಈ ದೃಶ್ಯ. ಪತ್ರದಲ್ಲಿ ‘ದರಪಟ್ಟಿ ಕತ್ತರಿಸಿಹೋಗುತ್ತಿದೆ’ ಎಂದು ಬರೆದಿದ್ದರೆ ಯಾರೂ ವಾದಿಸುತ್ತಿರಲಿಲ್ಲ. ಅವರು ಬರೆದದ್ದು ‘ಎರಡೂ ಬದಿ ಖಾಲಿ ಇದೆ’ ಎಂದು. ಹಾಗಾಗಿ ಒಬ್ಬರು ‘ಹಾಗೇ ಇರುವುದು’ ಎಂದರು, ಇನ್ನೊಬ್ಬ ಎಲ್ಲವನ್ನೂ ಹಿಗ್ಗಿಸಿದ.

ಹಿಗ್ಗಿಸಿದ್ದು ದರಪಟ್ಟಿಗೆ ಒಳ್ಳೆಯದನ್ನೇ ಮಾಡಿತ್ತು, ಹನ್ನೊಂದು ಕಾಲಂ ಒಟ್ಟಿಗೆ ಕಂಡವು. ಆದರೆ ಸದಸ್ಯತ್ವ ಶುಲ್ಕದ ಎರಡು ಕಾಲಮ್ಮಿನ ಪುಟ್ಟ ಪಟ್ಟಿಯೂ ಅದರ ಜೊತೆ ಹಿಗ್ಗಿ, ವಿವರ ಒಂದು ಗೋಡೆಗೆ, ಮೊತ್ತ ಇನ್ನೊಂದು ಗೋಡೆಗೆ ಹೋಗಿ ನಿಂತಿತ್ತು. 800 ಪಿಕ್ಸೆಲಿನ ತೋಟದ ಫೋಟೋ 1920ಕ್ಕೆ ಉಬ್ಬಿ ಮಂಜಾಗಿತ್ತು.

ಏನು ಮಾಡಿದೆವು

ಇಡೀ ಪುಟಕ್ಕೆ ಒಂದೇ ಅಗಲ ಎಂಬುದನ್ನು ಕೈಬಿಟ್ಟೆವು. 2017ರಿಂದ ಪ್ರಮುಖ ಬ್ರೌಸರುಗಳೆಲ್ಲ ಬೆಂಬಲಿಸುವ ಗ್ರಿಡ್ ವಿಧಾನದಲ್ಲಿ ಒಂದೇ ಪುಟದೊಳಗೆ ಬೇರೆ ಬೇರೆ ಅಗಲದ ಪಟ್ಟಿಗಳನ್ನು ಇಡಬಹುದು. ಲೇಖನದ ಅಕ್ಷರವನ್ನು 16ರಿಂದ 18 ಪಿಕ್ಸೆಲಿಗೆ ಏರಿಸಿ, ಸಾಲನ್ನು ಅಕ್ಷರಗಾತ್ರದ 36ರಷ್ಟು ಅಗಲಕ್ಕೆ, ಎಂದರೆ 648 ಪಿಕ್ಸೆಲಿಗೆ ಕಟ್ಟಿಹಾಕಿದೆವು. ಸಾಲಿಗೆ ಹತ್ತು ಹನ್ನೊಂದು ಪದ, ಸಾಲಂತರ 1.8. ಫೋಟೋಗಳಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಜಾಗ. ದರಪಟ್ಟಿಗೆ 1600 ಪಿಕ್ಸೆಲಿನವರೆಗೆ ಹರಡುವ ಸ್ವಾತಂತ್ರ್ಯ, ಮೊದಲ ಎರಡು ಕಾಲಂ ಎಳೆದರೂ ಕದಲದಂತೆ ನಿಲ್ಲಿಸಲಾಯಿತು. ಶುಲ್ಕದ ಪಟ್ಟಿಗೆ ಅದರೊಳಗಿನ ಬರಹಕ್ಕೆ ಬೇಕಾದಷ್ಟೇ ಅಗಲ. ದರಪಟ್ಟಿಯ ಒಂದು ಕಾಲಮ್ಮನ್ನು ತೆಗೆದೇಹಾಕಿದೆವು: 2025ರ ಹಂಗಾಮಿನ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಎಂಬುದು ಸಾಲು ಸಾಲಿಗೂ ಮತ್ತೆ ಮತ್ತೆ ಅಚ್ಚಾಗುತ್ತಿತ್ತು. ಅದು ಪಟ್ಟಿಯ ತಲೆಬರಹದಲ್ಲಿ ಒಮ್ಮೆ ಇದ್ದರೆ ಸಾಕು.

ಲೇಖನದ ಪುಟಗಳಲ್ಲಿ ಖಾಲಿ ಜಾಗ ಮೊದಲಿಗಿಂತ ಹೆಚ್ಚಾಯಿತು. ಇದನ್ನು ಅಧ್ಯಕ್ಷರಿಗೆ ಒಪ್ಪಿಸುವುದು ಸುಲಭವಿರಲಿಲ್ಲ. ಎಡಕ್ಕೆ ನಿರ್ದೇಶಕರ ಭಾವಚಿತ್ರಗಳು, ಬಲಕ್ಕೆ ಗಣ್ಯರು ಭೇಟಿ ಕೊಟ್ಟ ಚಿತ್ರಗಳು ಎಂಬ ಸೂಚನೆ ಬಂತು. ಓದುವ ಸಾಲಿನ ಎರಡೂ ತುದಿಯಲ್ಲಿ ಮುಖಗಳಿದ್ದರೆ ಕಣ್ಣು ಮುಖಕ್ಕೇ ಹೋಗುತ್ತದೆ, ಹುಳುವಿನ ಹತೋಟಿಗೆ ಅಲ್ಲ, ಎಂದೆ. ಭಾವಚಿತ್ರಗಳು ‘ನಮ್ಮ ಬಗ್ಗೆ’ ಪುಟಕ್ಕೆ ಹೋದವು. ಎಡಬದಿಯಲ್ಲಿ ಲೇಖನದ ಒಳತಲೆಬರಹಗಳ ಪಟ್ಟಿ ನಿಂತಿತು, ಬಲಬದಿ ಖಾಲಿಯೇ ಉಳಿಯಿತು. ಅಂತಿಮವಾಗಿ ಗಲಾಟೆ ತಣ್ಣಗಾಗಿಸಿದ್ದು ಬೇರೆಯೇ ಒಂದು ಸಣ್ಣ ಉಪಾಯ: ಬದಿಗಳ ಬಿಳುಪು ತೆಗೆದು ತಿಳಿ ಬೂದು ಬಣ್ಣ ಹಾಕಿದೆವು. ಬಿಳಿಯಾಗಿದ್ದಾಗ ‘ಅಲ್ಲಿ ಏನೋ ಬರಬೇಕಿತ್ತು, ಬಂದಿಲ್ಲ’ ಎಂದು ಕಾಣುತ್ತಿತ್ತು. ಬೂದು ಬಂದ ಮೇಲೆ ಅದು ಬೇಕೆಂದೇ ಬಿಟ್ಟ ಅಂಚು ಎಂದಾಯಿತು. ಇದು ಬರೀ ಅಲಂಕಾರ ಎಂದು ಮೂಗುಮುರಿಯುವ ವಿನ್ಯಾಸಕಾರರು ಇದ್ದಾರೆ, ನಾನು ಅವರಲ್ಲೊಬ್ಬನಲ್ಲ. 27 ಅಂಗುಲದ ಪರದೆಯಿಂದ ಮುಖಕ್ಕೆ ಹೊಡೆಯುವ ಬಿಳಿ ಬೆಳಕು ಕಡಿಮೆಯಾದದ್ದು ಇಡೀ ದಿನ ಅದರ ಮುಂದೆ ಕೂರುವವರಿಗೆ ಗೊತ್ತಾಗುತ್ತದೆ.

ಈ ಜಗಳ ತಿಪಟೂರಿಗೆ ಸೀಮಿತವೂ ಅಲ್ಲ. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ಹೊಸ ರೂಪಕ್ಕೆ ಬದಲಾಗಿ ಸಾಲಿನ ಅಗಲಕ್ಕೆ ಮಿತಿ ಹಾಕಿದಾಗ ಹಳೆಯ ಸಂಪಾದಕರು ಖಾಲಿ ಜಾಗದ ವಿರುದ್ಧ ದೊಡ್ಡ ದನಿಯಲ್ಲೇ ದೂರಿದರು. ಅಲ್ಲಿ ಬೇಕಾದವರು ಪೂರ್ಣ ಅಗಲಕ್ಕೆ ಹಿಗ್ಗಿಸಿಕೊಳ್ಳಲು ಒಂದು ಗುಂಡಿಯಿದೆ. ನಾವೂ ದರಪಟ್ಟಿಯ ಪುಟದಲ್ಲಿ ಅಂಥದೊಂದನ್ನು ಇಟ್ಟಿದ್ದೇವೆ, ಲೇಖನಗಳಲ್ಲಿ ಇಟ್ಟಿಲ್ಲ.

ಗುಮಾಸ್ತೆಗೆ ಇನ್ನೊಂದು ವಿಷಯ ತೋರಿಸಿದೆ. ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ಎಡ ಬಾಣ ಒತ್ತಿದರೆ ಬ್ರೌಸರ್ ಪರದೆಯ ಎಡ ಅರ್ಧಕ್ಕೆ ಸರಿಯುತ್ತದೆ, ಬಲ ಅರ್ಧದಲ್ಲಿ ಎಕ್ಸೆಲ್ ಲೆಡ್ಜರ್ ತೆರೆಯಬಹುದು. 2009ರ ವಿಂಡೋಸ್ 7ರಿಂದಲೂ ಇರುವ ಸೌಲಭ್ಯ. ಆಗ ಬ್ರೌಸರಿಗೆ ಸಿಗುವುದು 960 ಪಿಕ್ಸೆಲ್, ಬದಿಯ ಅಂಚು ಬಹುಪಾಲು ಮಾಯ, ಪರದೆ ಪೂರ್ತಿ ದುಡಿಮೆಗೆ ಹತ್ತುತ್ತದೆ. ಆದರೆ ಆ ಅಗಲಕ್ಕೆ ದರಪಟ್ಟಿ ಮತ್ತೆ ಇಕ್ಕಟ್ಟಾಯಿತು. ಆದ್ದರಿಂದ 1000 ಪಿಕ್ಸೆಲಿಗಿಂತ ಕಿರಿದಾದಾಗ ಷರಾ ಮತ್ತು ಹಿಂದಿನ ಮಾದರಿ ದರ ಮರೆಯಾಗಿ, ಮುಟ್ಟಿದರೆ ಮಾತ್ರ ತೆರೆದುಕೊಳ್ಳುವಂತೆ ಮಾಡಿದೆವು. ಫೋನಿನಲ್ಲಿ ಪ್ರತಿ ಮಾರುಕಟ್ಟೆಯೂ ಒಂದೊಂದು ಚೀಟಿಯಂತೆ ಒಂದರ ಕೆಳಗೊಂದು ಬರುತ್ತದೆ, ಅದರಲ್ಲಿ ಮಾದರಿ ದರ ದಪ್ಪಕ್ಷರದಲ್ಲಿ ಮೇಲಿರುತ್ತದೆ.

ಹಿಂದಿನ ವರ್ಷಗಳ ದರಪಟ್ಟಿಗಳ ಕೆಲಸ ಬಾಕಿ ಉಳಿದಿದೆ. ಅವೆಲ್ಲ ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದ ಚಿತ್ರಗಳು. ಫೋನಿನಲ್ಲಿ ಅಂಕಿಗಳು ಇರುವೆಯಷ್ಟಾಗುತ್ತವೆ, ದೊಡ್ಡ ಪರದೆಯಲ್ಲಿ ಮಸುಕಾಗುತ್ತವೆ, ಯಾವ ಅಗಲಕ್ಕೂ ಮಣಿಯುವುದಿಲ್ಲ. ಅವನ್ನು ಅಂಕಿಗಳಾಗಿ ಟೈಪ್ ಮಾಡಿಸಬೇಕು, ಅದಕ್ಕೆ ಆಡಳಿತ ಮಂಡಳಿ ಹಣ ಮಂಜೂರು ಮಾಡಬೇಕು. ತೀರಾ ಹಳೆಯವನ್ನು ಬಿಟ್ಟು ಇತ್ತೀಚಿನ ಹಂಗಾಮುಗಳಿಂದ ಶುರು ಮಾಡಿ ಎಂದು ಬರೆದುಕೊಟ್ಟಿದ್ದೇನೆ.